ಡೆಲ್ಬರ್ಟ್ ಎಲೆ ಹಂಚಿದ ಬುಧವಾರ

ಡೆಲ್ಬರ್ಟ್ ಯೋಕಮ್ ಮೂವತ್ತನಾಲ್ಕು ವರ್ಷ ಇಂಡಿಯಾನಾದ ಹಳ್ಳಿರಸ್ತೆಗಳಲ್ಲಿ ಟಪಾಲು ಹಂಚಿದವನು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದು ಅವನಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೆ ಉಳಿದದ್ದು ಒಂದೇ ಚಟ: ಬುಧವಾರ ಮಧ್ಯಾಹ್ನ ಹಿರಿಯರ ಕೇಂದ್ರದಲ್ಲಿ ಯೂಕರ್ ಎಂಬ ಇಸ್ಪೀಟಾಟ. ಕೈಗೆ ಐದೇ ಎಲೆ, ಬಾಯಿಗೆ ಮಾತ್ರ ಲಗಾಮಿಲ್ಲ.

ಬೇಸಿಗೆಯಲ್ಲಿ ಆ ಕೈಗಳು ನಡುಗತೊಡಗಿದವು. ಮೇಜಿನ ಕಟ್ಟಳೆಯೋ ಕಲ್ಲಿನಂಥದ್ದು: ಸರದಿ ಬಂದವರು ತಾವೇ ಹಂಚಬೇಕು, ಹಂಚಲಾರದವರು ಕುರ್ಚಿ ಬಿಡಬೇಕು. ಆಟದಲ್ಲಿ ಅವನ ಜೊತೆಗಾತಿಯಾದ ಲವಾನ್ ಸದ್ದಿಲ್ಲದೆ ಅವನ ಸರದಿಯನ್ನೂ ತಾನೇ ಹಂಚುತ್ತಿದ್ದಳು. ಎದುರಾಳಿಗಳಾದ ಹಂದಿ ಸಾಕುವ ಮರ್ಲ್ ಮತ್ತು ಅವನ ತಮ್ಮ ಆಗ ಕಿಟಕಿಯಾಚೆ ನೋಡುತ್ತಿದ್ದರು. ಡೆಲ್ಬರ್ಟನಿಗೆ ಆ ಕನಿಕರ ಸಹಿಸಲಾಗಲಿಲ್ಲ. ಕ್ರಿಸ್‌ಮಸ್‌ಗೆ ಮೊದಲು ತಾನಾಗಿ ಕುರ್ಚಿ ಬಿಡುವುದೆಂದು ನಿಶ್ಚಯಿಸಿದ.

ಸೆಪ್ಟೆಂಬರಿನಲ್ಲಿ ಕೇಂದ್ರಕ್ಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದರು. ಊರಿನವರಿಗೆ ಬೇಕಾದದ್ದನ್ನು ಮಾಡಿಕೊಟ್ಟೇ ಅವರು ಅಂಕ ಗಳಿಸಬೇಕು. ಅವರ ಮುಂದಾಳು ಟೆಸ್ಸಾ ಎಂಬ ಹುಡುಗಿ. ನಡುಗುವ ಕೈ ಕಂಡದ್ದೇ ತಡ, ಟಿಪ್ಪಣಿ ಬರೆದಳು, ಅಳತೆ ತೆಗೆದಳು, ಕೇಳುವುದೊಂದನ್ನು ಬಿಟ್ಟಳು. ಡೆಲ್ಬರ್ಟನೂ ಬಾಯಿ ಬಿಡಲಿಲ್ಲ. ತಿಂಗಳಾದ ಮೇಲೆ ಎಲೆ ಹಿಡಿಯುವ ಹಲಗೆ ಬಂತು. ಹದಿಮೂರು ಎಲೆ ಹಿಡಿಸುವಷ್ಟು ಉದ್ದ, ಅಂಚಿಗೆ ಪುಟ್ಟ ದೀಪ ಬೇರೆ.

"ಇದೇನಮ್ಮಾ, ದನದ ಕೊಟ್ಟಿಗೆಗೆ ಬೇಲಿನಾ?" ತನ್ನ ಸಿಹಿ ಪೈ ತಿನಿಸಿನ ತಟ್ಟೆಯನ್ನು ಅದರಿಂದ ಕಾಪಾಡಿಕೊಳ್ಳುತ್ತ ಲವಾನ್ ಕೇಳಿದಳು.

ಡೆಲ್ಬರ್ಟ್ ಜೇಬಿನಿಂದ ಗೀರು ಕೊರೆದ ಮರದ ತುಂಡೊಂದನ್ನು ತೆಗೆದಿಟ್ಟ. "ಎಲೆ ನಿಲ್ಲಿಸೋಕೆ ಇದನ್ನ ನಾನೇ ಮಾಡ್ಕೊಂಡಿದೀನಲ್ಲ."

ಟೆಸ್ಸಾ ಇಂಗು ತಿಂದ ಮಂಗನಂತಾದಳು. ಆದರೆ ಹುಡುಗಿ ಗಟ್ಟಿ. ಮರ್ಲ್‌ನ ತಮ್ಮನನ್ನು ಎಬ್ಬಿಸಿ ಅವನ ಜಾಗದಲ್ಲಿ ಕೂತು, "ನಂಗೂ ಆಟ ಕಲಿಸಿ ತಾತ" ಎಂದಳು. ಎರಡು ಬುಧವಾರ ಹೀನಾಯವಾಗಿ ಸೋತಳು. ಮೂರನೆಯ ಬುಧವಾರ ಡೆಲ್ಬರ್ಟನ ಸರದಿ ಬಂದಾಗ ಲವಾನ್ ಎಲೆಕಟ್ಟನ್ನು ತನ್ನತ್ತ ಎಳೆದುಕೊಂಡಳು. ಟೆಸ್ಸಾ ಮೊದಲ ಸಲ ಅವನ ಕೈಯನ್ನು ಬಿಟ್ಟು ಮುಖವನ್ನು ನೋಡಿದಳು.

"ತಾತ, ಕಷ್ಟ ಹಿಡಿಯೋದಲ್ಲ, ಹಂಚೋದು ಅಲ್ವಾ?"

"ಕೇಳೋಕೆ ಎರಡು ತಿಂಗಳು ಬೇಕಾಯ್ತಲ್ಲೇ ಮಾರಾಯ್ತಿ!"

ಡಿಸೆಂಬರಿನ ಮೊದಲ ಬುಧವಾರ ಪುಟ್ಟ ಮರದ ಪೆಟ್ಟಿಗೆಯೊಂದು ಬಂತು. ದೀಪವಿಲ್ಲ, ಥಳುಕಿಲ್ಲ. ಮೇಲೆ ಅಂಗೈ ಊರಿ ತಳ್ಳಿದರೆ ಒಂದೊಂದೇ ಎಲೆ ಜಾರಿ ಹೊರಬರುತ್ತದೆ. ಡೆಲ್ಬರ್ಟ್ ತಳ್ಳಿದ. ಎಲೆಗಳು ಟಪಾಲಿನಂತೆ ಅವರವರ ಮುಂದೆ ಹೋಗಿ ಬಿದ್ದವು. ಹನ್ನೆರಡನೆಯದು ಮಗುಚಿ, ಮುಖ ಮೇಲಾಗಿ ಬಿತ್ತು.

ಟೆಸ್ಸಾ ತುಟಿ ಕಚ್ಚಿದಳು. ಮರ್ಲ್ ಅಭ್ಯಾಸಬಲದಿಂದ ಒಮ್ಮೆ ಕಿಟಕಿಯತ್ತ ನೋಡಿದ. ಆಮೇಲೆ ಮೇಜು ಗುದ್ದಿದ.

"ತಪ್ಪು ಹಂಚ್ದೆ! ಸರದಿ ಹೋಯ್ತು, ತಾ ಇಲ್ಲಿ! ಟಪಾಲೂ ಹೀಗೇ ಹಂಚ್ತಿದ್ಯೇನೋ?"

ಬೇಸಿಗೆಯಿಂದೀಚೆ ಆ ಮೇಜಿನಲ್ಲಿ ಅವನನ್ನು ಯಾರೂ ಬೈದಿರಲಿಲ್ಲ. ಡೆಲ್ಬರ್ಟನಿಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು.

"ತಗೊಂಡು ಹೋಗೋ," ಎಂದು ಎಲೆಗಳನ್ನು ಮರ್ಲ್‌ನತ್ತ ನೂಕಿದ. "ನನ್ನ ಸರದಿ ಮತ್ತೆ ಬರತ್ತೆ."

ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.