ಗಾಳದ ಪೆಟ್ಟಿಗೆಯ ಕೊನೆಯ ಸುತ್ತು

ಬೆಳಿಗ್ಗೆ ಏಳಕ್ಕೆ ರಾಯಚೂರಿನಲ್ಲಿ ಮಾನ್ವಿ ಬಸ್ಸು ಹತ್ತಿದೆ. ಟಿಕೆಟ್ ಐದು ರೂಪಾಯಿ. ತೊಡೆಯ ಮೇಲೆ ತಗಡಿನ ಪೆಟ್ಟಿಗೆ. ಅದರಲ್ಲಿ ಮೀನಿನ ಗಾಳದ ಡಬ್ಬಿಗಳು, ನೈಲಾನ್ ದಾರ, ಸೀಸದ ಗುಂಡುಗಳು. ಹದಿನೆಂಟು ವರ್ಷದಿಂದ ತಿಂಗಳಿಗೊಮ್ಮೆ ಇದೇ ಸುತ್ತು: ಮಾನ್ವಿ, ಸಿರವಾರ, ದೇವದುರ್ಗ, ಆಮೇಲೆ ಕೃಷ್ಣೆಯ ದಡ. ಈ ಸಲ ಹೊರಡುವಾಗ ನಮ್ಮ ಅಂಗಡಿಯ ಸೇಠರು ಕರೆದು ಹೇಳಿದ್ದರು.

"ಖಾದರ್ ಸಾಬ್, ಕಮ್ಮಿ ಅಂದ್ರೂ ಇಪ್ಪತ್ತು ಡಬ್ಬಿ ಆರ್ಡರ್ ತರ್ರಿ. ಇಲ್ಲಾಂದ್ರ ಈ ಸುತ್ತು ಬಂದ್ ಮಾಡೂಣು. ನೀವು ಅಂಗಡ್ಯಾಗ ಆರಾಮ ಕುಂದರ್ರಿ."

ಹೊಟ್ಟೆಗೇನೂ ತೊಂದರೆಯಿರಲಿಲ್ಲ. ಆದರೆ ಹೆಂಡತಿ ತೀರಿಹೋದ ಮೇಲೆ, ನನ್ನನ್ನು ಕಂಡು ಖುಷಿಪಡುವವರೆಲ್ಲ ಈ ದಾರಿಯಲ್ಲೇ ಇದ್ದರು. ಊರಿನ ಕೋಣೆಯಲ್ಲಿ ನನಗೂ ಗೋಡೆಗೂ ಮಾತಿರಲಿಲ್ಲ.

ಮಾನ್ವಿ ತಲುಪಲು ಎರಡು ತಾಸು ಹಿಡಿಯಿತು. ಹಿಂದೆ ಇಲ್ಲಿನ ಅಂಬಿಗರ ಓಣಿಗೆ ಹತ್ತಿಯ ದಾರ ತರುತ್ತಿದ್ದೆ. ನೀರಿನಲ್ಲಿ ಕೊಳೆಯಬಾರದೆಂದು ಅದನ್ನು ತಂಗಡಿ ಗಿಡದ ತೊಗಟೆಯ ಜೊತೆ ಕುದಿಸುತ್ತಿದ್ದರು. ಓಣಿಯೆಲ್ಲ ಒಗರು ವಾಸನೆ. ಎಪ್ಪತ್ತನೆಯ ಇಸವಿಯ ಸುಮಾರಿಗೆ ನೈಲಾನ್ ದಾರ ಬಂತು. ಕೊಳೆಯುವುದಿಲ್ಲ, ಕುದಿಸಬೇಕಿಲ್ಲ ಎಂದು ಮನೆಮನೆಗೆ ಹೊಗಳಿ ಮಾರಿದವನು ನಾನೇ. ಹಿಂದೆಯೇ ಹೈದರಾಬಾದಿನಿಂದ ಯಂತ್ರದಲ್ಲಿ ಹೆಣೆದ ನೈಲಾನ್ ಬಲೆಗಳು ಬಂದು ಗಾಳವನ್ನೇ ಮೂಲೆಗೆ ತಳ್ಳಿದವು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ.

"ಗಾಳ ಹಾಕಿ ಕಾಯೋ ಪುರುಸೊತ್ತು ಯಾರಿಗದ ರೀ? ಚಾ ಕುಡೀರಿ," ಎಂದ ಹಳೆಯ ಗಿರಾಕಿಯೊಬ್ಬ. ಚಹಾ ಕುಡಿದೆ. ಆರ್ಡರ್ ಸಿಗಲಿಲ್ಲ.

ಸಿರವಾರದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆ. ಬಿಸಿಲು ಚುರುಗುಟ್ಟುತ್ತಿತ್ತು. ದೇವದುರ್ಗದಲ್ಲಿ ಎರಡು ಡಬ್ಬಿ ಹೋದವು, ಅದೂ ನನ್ನ ಮುಖ ನೋಡಿ. ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಮತ್ತೊಂದು ಬಸ್ಸು ಹಿಡಿದು, ಇಳಿದ ಮೇಲೆ ಎರಡು ಮೈಲಿ ನಡೆದು ಹೊಳೆಗೆ ಹೋದೆ.

ದಡದಲ್ಲಿ ಯಂಕಪ್ಪ ಹರಗೋಲಿಗೆ ಡಾಂಬರು ಬಳಿಯುತ್ತಿದ್ದ. ಮೊದಲ ವರ್ಷ ನಾನು ಇವನಿಗೆ ಗಾಳದ ಡಬ್ಬಿಯನ್ನು ಕೈಯಲ್ಲಿ ಕೊಟ್ಟು ಬೈಸಿಕೊಂಡಿದ್ದೆ. "ಏನ್ ಮಾಡಿದ್ರೀ ಯಪ್ಪಾ! ಗಾಳ ಕೈಯಿಂದ ಕೈಗೆ ಕೊಟ್ರ ಇಬ್ರಿಗೂ ಜಗಳ ಹತ್ತತದ," ಎಂದು ಡಬ್ಬಿ ಬಿಸಾಕಿ, ಆ ದಿನ ಹೊಳೆಗೇ ಇಳಿಯಲಿಲ್ಲ. ಅಂದಿನಿಂದ ನಾನು ಕಲ್ಲಿನ ಮೇಲೆ ಇಡುತ್ತಿದ್ದೆ, ಅವನು ಎತ್ತಿಕೊಳ್ಳುತ್ತಿದ್ದ. ಎಲ್ಲ ಊರಲ್ಲೂ ಅದೇ ರೂಢಿ. ನಾವು ಒಮ್ಮೆಯೂ ಜಗಳವಾಡಲಿಲ್ಲ.

ಅವನ ಹರಗೋಲಿನಲ್ಲೂ ನೀಲಿ ನೈಲಾನ್ ಬಲೆ ಮಡಚಿಟ್ಟಿತ್ತು. ಅದನ್ನು ನಾನು ನೋಡಿದ್ದನ್ನು ಅವನು ನೋಡಿದ.

"ಮಗ ತಂದಾನ್ರೀ," ಎಂದ ನಾಚಿಕೊಂಡು.

"ಇರಲಿ ಬಿಡೋ. ಇದು ನನ್ನ ಕೊನೀ ಸುತ್ತು, ಯಂಕಪ್ಪ. ಇನ್ನ ಬರಂಗಿಲ್ಲ."

ಅವನು ಡಾಂಬರಿನ ಕುಂಚ ಕೆಳಗಿಟ್ಟ. "ಒಂದ್ ಡಬ್ಬಿ ಕೊಡ್ರಿ," ಎಂದ.

ರೂಢಿಯಂತೆ ಕಲ್ಲಿನ ಮೇಲಿಡಲು ಬಗ್ಗಿದೆ. ಯಂಕಪ್ಪ ಅಡ್ಡ ಬಂದು ಅಂಗೈ ಚಾಚಿದ.

"ಕೈಯಾಗ ಕೊಡ್ರಿ."

"ಜಗಳ ಹತ್ತತದಲ್ಲೋ!"

"ಹತ್ತಲಿ ರೀ ಸಾಹೇಬ್ರ. ಜಗಳ ಆಡಾಕರ ಒಮ್ಮಿ ಬರ್ತೀರಲ್ಲ."

ಕೊಟ್ಟೆ. ಆ ಮೊದಲ ವರ್ಷದ ನಂತರ ಇದೇ ಮೊದಲ ಸಲ ಅವನ ಕೈ ಮುಟ್ಟಿದೆ. ಅಂಗೈ ತುಂಬ ಹಳೆಯ ಗಾಳದ ಗಾಯದ ಗಂಟುಗಳಿದ್ದವು. ನನಗೆ ಅಳು ಬಂತು. ಬಿಸಿಲಿಗೆ ಕಣ್ಣು ಕಿರಿದು ಮಾಡಿದವನಂತೆ ನಿಂತೆ.

ರಾಯಚೂರಿನಲ್ಲಿ ಸೇಠರು ಆರ್ಡರ್ ಪುಸ್ತಕ ತಿರುವಿ ನೋಡಿದರು. ಮೂರೇ ಡಬ್ಬಿ. ಪೆಟ್ಟಿಗೆ ತೆಗೆದು ಅಟ್ಟದ ಮೇಲಿಟ್ಟರು.

ಆಮೇಲೆ ಎರಡು ಸಲ ದೇವದುರ್ಗದ ಬಸ್ಸಿನ ತನಕ ಹೋಗಿ ವಾಪಸ್ಸು ಬಂದಿದ್ದೇನೆ. ಗಾಳದ ಪೆಟ್ಟಿಗೆಯಿಲ್ಲದೆ ಬರಿಗೈಯಲ್ಲಿ ಹೋಗಿ ಯಂಕಪ್ಪನಿಗೆ ಏನು ಹೇಳಲಿ? ಆ ಜಗಳ ಇನ್ನೂ ಆಡಿಲ್ಲ.