ಬೀಗರು ಅಂಗಿ ಬಿಚ್ಚಿದ್ದು

ನನ್ನ ಮೊಮ್ಮಗ ಹುಟ್ಟಿದಾಗ ಎಷ್ಟು ಸಣ್ಣಗಿದ್ದ ಅಂದರೆ, ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಕಾಲಕ್ಕೆ ನಾನು ಸಂಜೆ ಟವೆಲಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಉದುರು ಈರುಳ್ಳಿಯೇ ಅವನಿಗಿಂತ ಹೆಚ್ಚು ತೂಗುತ್ತಿತ್ತು. ತಿಂಗಳು ತುಂಬುವ ಮೊದಲೇ ಅವಸರಪಟ್ಟು ಬಂದಿದ್ದ. ಆದರೂ ಏನು ಲಕ್ಷಣ, ಏನು ಮೂಗು. ಅದನ್ನು ಹೇಳುತ್ತ ಕೂತರೆ ಈ ಕಾಗದ ಸಾಲುವುದಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಇಷ್ಟಾದರೂ ಬರೆಯುತ್ತಿರುವುದು ಅವನ ಸಲುವಾಗಿಯೇ.

ಆಗಿನ್ನೂ ಯಶವಂತಪುರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಮಗಳು ಹೆರಿಗೆಗೆ ಅಟ್ಟೂರಿನ ನಮ್ಮ ಮನೆಗೆ ಬಂದಿದ್ದಳು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಆಮೇಲೆ ಅವಳಿಗೆ ಜ್ವರ ಹಿಡಿಯಿತು. ನನ್ನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಅಳಿಯನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಹಗಲು ಪಾಳಿ. ಉಳಿದವನು ನಾನು.

ನರ್ಸಮ್ಮ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ತಾತ, ಬೀಡಿ ಗೀಡಿ ಸೇದ್ತೀರಾ?"

"ಬಿಟ್ಟು ಎಷ್ಟೋ ವರ್ಷ ಆಯ್ತು ಕಣಮ್ಮ."

"ಹಂಗಾದ್ರೆ ಸೋಪು ಹಾಕಿ ಸ್ನಾನ ಮಾಡ್ಕೊಂಡು ಬಂದು ಅಂಗಿ ಬಿಚ್ಚಿ. ಮಗೂಗೆ ಮೈಕಾವು ಬೇಕು, ನಿಮ್ಮೆದೆ ಮೇಲೆ ಕಟ್ತೀನಿ. ಕಾಂಗರೂ ತರ. ನೆಗಡಿ ಕೆಮ್ಮು ಬಂದ್ರೆ ಮಾತ್ರ ಈ ಬಾಗಿಲು ದಾಟಂಗಿಲ್ಲ."

ಟೋಪಿ, ಕಾಲುಚೀಲ, ಒಂದು ಬಟ್ಟೆ ಲಂಗೋಟಿ, ಅಷ್ಟೇ ಅವನ ಉಡುಪು. ಕಪ್ಪೆಮರಿಯ ಹಾಗೆ ಕಾಲು ಮಡಿಸಿ ನನ್ನೆದೆಗೆ ಒರಗಿಸಿ ಹಳೇ ಹತ್ತಿ ಸೀರೆಯಿಂದ ಸುತ್ತಿದಳು. ಅವನ ಕಿವಿ ನನ್ನ ಗುಂಡಿಗೆಯ ಮೇಲೆ. ಬೆನ್ನು ಎಷ್ಟೋ ಭಾರ ಕಂಡಿತ್ತು, ಎದೆ ಕಂಡಿರಲಿಲ್ಲ. ಉಸಿರು ಬಿಡುವುದಕ್ಕೂ ನನಗೆ ಭಯವಾಯಿತು. ನೀರಿನಲ್ಲಿ ಕುದಿಸಿ ತೆಗೆದ ಸ್ಟೀಲಿನ ಒಳಲೆಯಲ್ಲಿ ಮಗಳ ಹಾಲನ್ನು ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದರು. ಲಂಗೋಟಿಗಳು ತಾರಸಿಯ ಬಿಸಿಲಿನಲ್ಲಿ ಒಣಗುತ್ತಿದ್ದವು. ಎಸೆಯುವುದಕ್ಕೆ ಅಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ.

ಇದನ್ನು ನೋಡಲು ಟಿ. ದಾಸರಹಳ್ಳಿಯಿಂದ ನಮ್ಮ ಬೀಗರು, ಅಂದರೆ ಅಳಿಯನ ತಂದೆ, ದಯಮಾಡಿಸಿದರು. ಸಾಲಾಗಿ ಬಾಡಿಗೆ ಮನೆ ಕಟ್ಟಿಸಿರುವವರು. ರೇಷ್ಮೆ ಅಂಗಿ, ಕರುವಿಗೆ ಕಟ್ಟಬಹುದಾದಷ್ಟು ದಪ್ಪದ ಚಿನ್ನದ ಸರ. ಬಾಡಿಗೆ ಎಣಿಸುವುದು ಬಿಟ್ಟು ಬೇರೆ ಕೆಲಸಕ್ಕೆ ಬೆರಳು ಬಗ್ಗಿಸಿದವರಲ್ಲ.

"ಏನ್ ಬೀಗ್ರೇ ಇದು, ಒಂದು ಮಿಷನ್ ಇಲ್ಲ, ಒಂದು ವೈರ್ ಇಲ್ಲ. ನಮ್ಮ ವಂಶದ ಕುಡೀನ ಕೋತಿಮರಿ ತರ ನೇತಾಕ್ಕೊಂಡಿದೀರಿ."

"ಕೋತಿ ಅಲ್ಲ ಬೀಗ್ರೇ, ಕಾಂಗರೂ."

"ಮೂಟೆ ಹೊತ್ತ ಮೈ. ಮಗೂಗೆ ಒತ್ತಲ್ವಾ?"

"ಮೂಟೆ ಹೊತ್ತಿದ್ದು ಬೆನ್ನಲ್ಲಿ. ಇದು ಮುಂದಿನ ಕಡೆ, ಹೊಸದು."

ಡಾಕ್ಟರಮ್ಮ ಅವರನ್ನು ಕೂರಿಸಿ ಹೇಳಿದರು. ಉಸಿರಾಟ ಚೆನ್ನಾಗಿದೆ, ಕಾವು ಕೊಡುವ ಗಾಜಿನ ಪೆಟ್ಟಿಗೆ ಬೇಕಾದ ಮಕ್ಕಳು ಬೇರೆ, ಇವನಿಗೆ ಬೇಕು ಅನಿಸಿದರೆ ನಾನೇ ಕಳಿಸುತ್ತೇನೆ, ಆ ಪೆಟ್ಟಿಗೆಗೆ ಹಗಲೂ ರಾತ್ರಿ ಕರೆಂಟು ಬೇಕು, ಕರೆಂಟು ಹೋದರೆ ಡೀಸೆಲ್ಲು ಬೇಕು, ಈ ತಾತನಿಗೆ ಎರಡು ಹೊತ್ತು ಮುದ್ದೆ ಸಾಕು ಅಂದರು. ಬೀಗರು ನಗಲಿಲ್ಲ. ವಾರದೊಳಗೆ ತೂಕ ಏರದಿದ್ದರೆ ಮಗುವನ್ನು ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದೇ ಎಂದು ತೀರ್ಮಾನ ಹೊರಡಿಸಿದರು. ನನ್ನ ಮಗಳು ಜ್ವರದಲ್ಲೇ ಅತ್ತಳು. ಅಷ್ಟು ದೂರ ಹೋದರೆ ಅವಳ ಹಾಲು ಮಗುವಿಗೆ ಸಿಗುವುದು ಹೇಗೆ?

ಮರುದಿನ ಸಂಜೆ ಅಳಿಯ ಮಗುವನ್ನು ಕಟ್ಟಿಕೊಂಡು ಕೂತಾಗ, ಬೀಗರು ನನ್ನನ್ನು ಆ ದೊಡ್ಡ ಆಸ್ಪತ್ರೆ ತೋರಿಸಲು ಎಳೆದುಕೊಂಡು ಹೋದರು. ಬಾಗಿಲಲ್ಲೇ ಎಲೆಯ ಚಿತ್ರ ಬರೆದ ಬೋರ್ಡು. ಇದು ಹಸಿರು ಆಸ್ಪತ್ರೆಯಂತೆ. ಕುಂಡದ ಗಿಡ ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕು. ಒಳಗೆ ಹೆಣ ಇಡುವಷ್ಟು ತಣ್ಣಗೆ. ಕೋಟು ಹಾಕಿದ ಹುಡುಗಿಯೊಬ್ಬಳು ನಮ್ಮ ಕಾಲಿಗೆ ಪ್ಲಾಸ್ಟಿಕ್ ಚೀಲ, ತಲೆಗೊಂದು ಟೋಪಿ, ಮೈಗೊಂದು ನಿಲುವಂಗಿ ತೊಡಿಸಿದಳು. ಅಷ್ಟೆಲ್ಲ ವೇಷ ಹಾಕಿ ನಾವು ಮಾಡಿದ್ದೇನು, ಗಾಜಿನ ಕಿಟಕಿಯ ಈಚೆಯೇ ನಿಂತು ಇಣುಕಿದ್ದು. ಈಚೆ ಬಂದ ಕೂಡಲೇ ಎಲ್ಲವನ್ನೂ ಬಿಚ್ಚಿ ಬುಟ್ಟಿಗೆ ಹಾಕಿ ಅಂದಳು. ಬುಟ್ಟಿ ಆಗಲೇ ತುಂಬಿ ಉಕ್ಕುತ್ತಿತ್ತು.

"ಒಗೆದು ಹಾಕ್ಕೋಬಹುದಲ್ಲಮ್ಮ?"

"ಇಲ್ಲ ಸರ್, ಯೂಸ್ ಅಂಡ್ ಥ್ರೋ."

"ಎಲ್ಲಿಗೆ ಥ್ರೋ?"

"ಅದನ್ನ ವೆಂಡರ್ ತಗೊಂಡೋಗ್ತಾರೆ ಸರ್. ನಮ್ಮಲ್ಲಿ ಪ್ರತಿ ಮಗು ಹೆಸರಲ್ಲೂ ಒಂದೊಂದು ಗಿಡ ನೆಡ್ತೀವಿ."

"ಎಲ್ಲಿ ನೆಡ್ತೀರಾ? ನೀರು ಯಾರು ಹಾಕ್ತಾರೆ?"

ಅವಳು ಕೈಯಲ್ಲಿದ್ದ ಹೊಳೆಯುವ ಕಾಗದ ತಿರುವಿ ನೋಡಿದಳು. ಅದರಲ್ಲಿ ಬರೆದಿರಲಿಲ್ಲ. ಮಗುವಿನ ಉಸಿರಿಗಾಗಿ ಮರ ನೆಡುವವರು ಅದೇ ಮಗುವಿನ ಹೆಸರಲ್ಲಿ ದಿನಕ್ಕೊಂದು ಮೂಟೆ ಕಸ ಹೊರಗೆ ಹಾಕುತ್ತಾರೆ. ನಾನು ಮೂಟೆಯ ಲೆಕ್ಕ ಬಲ್ಲವನು. ಬೀಗರಿಗೆ ಮಾತ್ರ ಸ್ವರ್ಗ ಕಂಡ ಹಾಗಾಗಿತ್ತು. ಬಿಟ್ಟಿ ಕೊಟ್ಟ ನೀರಿನ ಬಾಟಲಿಗಳನ್ನು ಎರಡೂ ಜೇಬಿಗೆ ತುರುಕಿಕೊಂಡರು.

ಆ ಸ್ವರ್ಗದ ತಂಡಿ ನನಗೆ ಬಡಿಯಿತು. ಬೆಳಿಗ್ಗೆ ಎದ್ದರೆ ಸೀನು. ನರ್ಸಮ್ಮ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. ಅಳಿಯ ಪಾಳಿಗೆ ಹೋಗಿಯಾಗಿತ್ತು. ಮಗಳಿಗೆ ಕೂರುವ ಶಕ್ತಿಯಿಲ್ಲ. ಬೀಗಿತ್ತಿಯ ಮೊಣಕಾಲು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಕಾವಿಲ್ಲದೆ ಒಂದು ಹಗಲು ಹೋದರೂ ತೂಕ ಇಳಿಯುತ್ತದೆ, ತೂಕ ಇಳಿದರೆ ಬೀಗರ ಮಾತೇ ಗೆಲ್ಲುತ್ತದೆ. ನಾನು ಮೂಗಿಗೆ ಟವೆಲು ಒತ್ತಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಬೀಗರೇ ದೊಡ್ಡ ಆಸ್ಪತ್ರೆಯ ಆ ಹೊಳೆಯುವ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಯಜಮಾನ್ರೇ, ಸ್ನಾನ ಆಗಿದ್ಯಾ?" ಅಂದಳು ನರ್ಸಮ್ಮ.

"ಆಗಿದೆ. ಯಾಕೆ?"

"ಅಂಗಿ ಬಿಚ್ಚಿ."

"ನಾನಾ?"

"ನಿಮ್ಮ ವಂಶದ ಕುಡಿ ಅಲ್ವಾ," ಅಂದೆ ನಾನು, ಟವೆಲಿನ ಹಿಂದಿನಿಂದ.

ಸುತ್ತ ನೋಡಿದರು. ಬಾಣಂತಿಯರ ಕಡೆಯವರೆಲ್ಲ ಅವರನ್ನೇ ನೋಡುತ್ತಿದ್ದರು. ಸರ ತೆಗೆದರು, ರೇಷ್ಮೆ ಅಂಗಿ ತೆಗೆದರು. ಒಳಗಿನಿಂದ ಹೊರಬಂದದ್ದು ಬಿಸಿಲೇ ಕಾಣದ ಬೋಳು ಎದೆ, ಗುಡಾಣದಂಥ ಹೊಟ್ಟೆ. ಆ ಹೊಟ್ಟೆಯ ಮೇಲೆ ನನ್ನ ಚಿನ್ನದಂಥ ಮೊಮ್ಮಗನನ್ನು ಕಟ್ಟಿದಾಗ ನನಗೆ ಸಂಕಟವೇ ಆಯಿತು. ಆ ಕಳ್ಳ ಅಳಲೂ ಇಲ್ಲ. ಬಾಯಿ ತೆರೆದು ಮಲಗಿಬಿಟ್ಟ. ಬೀಗರು ಆ ಹೊಳೆಯುವ ಕಾಗದವನ್ನು ಕುರ್ಚಿಯ ಕೆಳಗೆ ಇಟ್ಟು, ಎರಡೂ ಕೈಯಿಂದ ಅವನ ಬೆನ್ನು ಹಿಡಿದುಕೊಂಡರು.

ವಾರದ ಕೊನೆಗೆ ತಕ್ಕಡಿ ನಮ್ಮ ಕಡೆಯೇ ಮಾತಾಡಿತು. ತೂಕ ಏರಿತ್ತು, ಮಗಳ ಜ್ವರವೂ ಇಳಿದಿತ್ತು. ದೊಡ್ಡ ಆಸ್ಪತ್ರೆಯ ಸುದ್ದಿ ಬೀಗರು ಮತ್ತೆ ಎತ್ತಲಿಲ್ಲ. ತಮ್ಮ ಹೊಟ್ಟೆಯ ಕಾವಿಗೇ ಮಗು ದಪ್ಪಗಾಯಿತೆಂದು ದಾಸರಹಳ್ಳಿಗೆಲ್ಲ ಸಾರಿಕೊಂಡು ಬಂದರಂತೆ. ನನ್ನ ನೆಗಡಿಯ ನಾಲ್ಕು ದಿನ ಹೊತ್ತವರ ಜಂಬ ನೋಡಿ.

ನೆಗಡಿ ಬಿಟ್ಟ ದಿನ ನಾನು ಬೆಳಿಗ್ಗೆಯೇ ಮಿಂದು, ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಹೋದೆ. ಬೀಗರು ನನಗಿಂತ ಮುಂಚೆ ಬಂದು ಕುರ್ಚಿಯಲ್ಲಿ ಒರಗಿದ್ದರು. ಏಳಲಿಲ್ಲ. ಸೀರೆಯ ಮಡಿಕೆಯಿಂದ ಇಣುಕುತ್ತಿದ್ದ ಟೋಪಿಯನ್ನು ಒಂದು ಬೆರಳಿನಿಂದ ಸರಿಮಾಡಿದರು.

"ಮಲಗವ್ನೆ ಬೀಗ್ರೇ, ಎಬ್ಬಿಸ್ಬೇಡಿ," ಅಂದರು ಪಿಸುದನಿಯಲ್ಲಿ. "ನೀವು ಹೋಗಿ ಕಾಫಿ ಕುಡೀರಿ."

ನಾನು ಕಾಫಿಗೆ ಹೋಗಲಿಲ್ಲ. ಬರಿಮೈಯಲ್ಲೇ ಹೊರಗಿನ ಬೆಂಚಿನ ಮೇಲೆ ಕೂತೆ, ನನ್ನ ಸರದಿಗಾಗಿ.