ಬಾಯಿಂದ ಹಾಕಿದ ಮೂರನೆಯ ಡೋಸು

ನಮ್ಮ ಆಯಿಗೆ ಮೂರನೆಯ ಡೋಸು ಹಾಕಿದವನು ನಾನೇ. ಸೂಜಿಯಿಂದಲ್ಲ, ಬಾಯಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಡೆಯತನಕ ಮುಚ್ಚಿಟ್ಟುಕೊಂಡರೆ ಏನಾಗುತ್ತದೆ ಎನ್ನುವುದನ್ನು ನವನಗರದ ಒಂದು ಕಚೇರಿಯಲ್ಲಿ, ಹತ್ತು ಜನರ ಎದುರಿಗೆ, ಒಮ್ಮೆ ಅನುಭವಿಸಿದ್ದೇನೆ.

ಆಯಿ ಎಂದರೆ ನಮ್ಮಪ್ಪನ ಅವ್ವ. ಕೆರೂರಿನಿಂದ ಮೂರು ಮೈಲಿ ಈಚೆಗಿರುವ ಊರು ನಮ್ಮದು. ಮನೆಯಲ್ಲಿ ನಲವತ್ತು ಕುರಿ, ಎರಡು ನಾಯಿ, ಒಬ್ಬ ನಾನು. ಇವುಗಳಲ್ಲಿ ದುಡಿಯದೆ ತಿನ್ನುವ ಪ್ರಾಣಿ ಯಾವುದೆಂದು ಆಯಿ ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ನನಗೆ ಬರುವ ವಿದ್ಯೆ ಒಂದೇ: ಮಂದಿಯ ದನಿ ತೆಗೆಯುವುದು. ಕಂಡಕ್ಟರನ ಸೀಟಿ, ಪಂಚಾಯಿತಿ ಗುಮಾಸ್ತನ ಆಕಳಿಕೆ, ಯಾರಿಗೆ ಫೋನು ಮಾಡಿದರೂ ಮೊದಲು ಕೆಮ್ಮಿ ಆಮೇಲೆ ಬುದ್ಧಿ ಹೇಳುತ್ತಿದ್ದ ಆ ಕೊರೋನಾ ಹೆಂಗಸು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಆಯಿ ಮಾತ್ರ ಸ್ವಂತ ಮನೆ ಕಟ್ಟಿಕೊಂಡಿದ್ದಳು.

ಆ ವರ್ಷ ಕೊರೋನಾ ಲಸಿಕೆಯ ಮೂರನೆಯ ಡೋಸು ಬಂತು. ಪೇಪರಿನವರು ಬೂಸ್ಟರ್ ಎಂದರು, ಸರಕಾರದವರು ಅಲ್ಲ ಅಲ್ಲ, ಮುನ್ನೆಚ್ಚರಿಕೆ ಡೋಸು ಎಂದರು. ಊರಿನವರು ಎರಡನ್ನೂ ಬಿಟ್ಟು 'ಮೂರನೇದು' ಎಂದರು. ಎರಡನೆಯ ಡೋಸು ಆಗಿ ಒಂಬತ್ತು ತಿಂಗಳು ತುಂಬಿರಬೇಕು ಎನ್ನುವುದು ನಿಯಮ. ಆಯಿ ಎರಡನೆಯದನ್ನು ಹಾಕಿಸಿಕೊಂಡ ತಿಂಗಳಲ್ಲೇ ನನ್ನ ಅತ್ತಿಗೆಗೂ ದಿನ ನಿಂತಿದ್ದವು. ಆಯಿ ಬೆರಳು ಮಡಚಿ ಇಬ್ಬರದನ್ನೂ ಕೂಡಿಯೇ ಎಣಿಸುತ್ತಿದ್ದಳು. "ಆಕಿದೂ ಒಂಬತ್ತು, ನಂದೂ ಒಂಬತ್ತು. ಯಾರದು ಮೊದಲ ಆಗತೈತಿ ನೋಡೂಣು."

ಅತ್ತಿಗೆಯದೇ ಮೊದಲಾಯಿತು, ಆಯಿಯದು ಅದರ ಹಿಂದೆಯೇ. ತವರುಮನೆ ಇಳಕಲ್ಲಿನಲ್ಲಿ ಹೆಣ್ಣು ಕೂಸು. ಆಯಿಗೆ ಮೊದಲ ಮರಿಮಗಳು. ಆಯಿ ತಾನೇ ನೂತ ಉಣ್ಣೆಯಿಂದ ಮೊಳ ಅಗಲದ ಕಂಬಳಿ ನೇಯಿಸಿ ಇಟ್ಟಿದ್ದಳು. ತೊಟ್ಟಿಲಿಗೆ ಹಾಕುವ ಮೊದಲು ಕೂಸನ್ನು ಆ ಕಂಬಳಿಯಲ್ಲಿ ಸುತ್ತಿ ತನ್ನ ತೊಡೆಯ ಮೇಲೆ ಮಲಗಿಸಿಕೊಳ್ಳಬೇಕು, ಅಷ್ಟೇ ಅವಳ ಆಸೆ. ಆದರೆ ಅತ್ತಿಗೆಯ ಅಪ್ಪ, ಅಂದರೆ ನಮ್ಮ ಬೀಗರು, ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವರು, ಫೋನು ಮಾಡಿ ಶಾಸನ ಹೊರಡಿಸಿದರು.

"ಅರವತ್ತು ದಾಟಿದವರು ಮೂರನೇದು ಹಾಕಿಸಿಕೊಂಡಿದ್ದರ ಅಷ್ಟ ಕೂಸಿನ್ನ ಎತ್ತಿಕೋಬೇಕ್ರಿ. ಇಲ್ಲಾ ಅಂದ್ರ ದೂರಿಂದ ನೋಡಬೇಕು."

"ದೂರಿಂದ ನೋಡಾಕ ಇಳಕಲ್ಲಿಗ್ಯಾಕ ಬರೂದು?" ಎಂದಳು ಆಯಿ, ಫೋನು ಇಟ್ಟ ಮೇಲೆ. "ಫೋಟೋ ಬಂದೇತಲ್ಲ."

ಮರುದಿನವೇ ಅವಳನ್ನು ನಮ್ಮ ಕಡೆಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಸಿಸ್ಟರ್ ಹಾಳೆ ತೆಗೆದಳು.

"ಆಯಿ, ಬಿಪಿ ಐತೇನ್ರಿ?"

"ಇಲ್ಲವಾ."

"ಶುಗರ್?"

"ಅದೂ ಇಲ್ಲ."

"ಹಾರ್ಟ್? ಕಿಡ್ನಿ? ಏನರೆ ಒಂದು?"

ಆಯಿ ತಲೆ ತಗ್ಗಿಸಿದಳು. "ಥಂಡಿ ದಿನದಾಗ ಮೊಣಕಾಲು ನೋಯತಾವ ನೋಡವಾ."

"ಮೊಣಕಾಲು ಲಿಸ್ಟಿನಾಗ ಇಲ್ರಿ. ಜಡ್ಡಿದ್ದ ಮುದುಕರಿಗೆ ಅಷ್ಟ ಈಗ."

ಹಿಂದೆ ನಿಂತಿದ್ದ ಮುತ್ಯಾ ಒಬ್ಬ ಮುಂದೆ ಬಂದ. "ನನಗ ಎರಡೂ ಅದಾವ್ರಿ ಸಿಸ್ಟರ್. ಬಿಪಿ ಹನ್ನೆರಡು ವರ್ಷದ್ದು, ಶುಗರ್ ಅದಕಿಂತ ಹಿರೇದು." ಎರಡೆಕರೆ ನೀರಾವರಿ ಇದ್ದವನ ಗತ್ತು ಅವನಿಗೆ. ಆಯಿ ಒಣಬೇಸಾಯದವಳ ಹಾಗೆ ಬದಿಗೆ ಸರಿದಳು. ದಾರಿಯಲ್ಲಿ ನನಗೆ ಹೇಳಿದಳು, "ಇಷ್ಟ ವರ್ಷ ಸುಮ್ಮನ ಗಟ್ಟಿಮುಟ್ಟಾಗಿ ಇದ್ದೆ ನೋಡಲೇ. ಯಾರೂ ಹೇಳಲಿಲ್ಲ." ಆಮೇಲೆ ನಾಲ್ಕು ದಿನ ಚಹಾಕ್ಕೆ ಎರಡು ಹಳಕು ಬೆಲ್ಲ ಜಾಸ್ತಿ ಹಾಕಿಕೊಂಡಳು. ಬಂದರೆ ಬರಲಿ ಎಂದು.

ನನ್ನ ಪರಾಕ್ರಮ ನಡೆದದ್ದು ಆ ನಾಲ್ಕು ದಿನಗಳ ಒಳಗೇ. ಆಯಿ ಕುರಿಗಳ ಹಿಂದೆ ಹೋಗಿದ್ದಳು. ಕಟ್ಟೆಯ ಮೇಲೆ ಗೆಳೆಯರ ಜೊತೆ ಕೂತಿದ್ದಾಗ ನನ್ನ ಫೋನಿಗೆ ಆಶಾ ಕಾರ್ಯಕರ್ತೆಯ ಕರೆ ಬಂತು. ಮನೆಯವರೆಲ್ಲರ ಡೋಸಿಗೂ ನನ್ನ ನಂಬರೇ ಕೊಟ್ಟಿತ್ತು. ಊರೂರಿನ ಮುದುಕರ ಪಟ್ಟಿಯನ್ನು ಸಂಜೆಯೊಳಗೆ ಮುಗಿಸೆಂದು ಆಕೆಗೆ ಮೇಲಿನಿಂದ ಹೇಳಿದ್ದರಂತೆ.

"ಆಯಿ ಅದಾರೇನು? ಮೂರನೇದು ಆತೇನಂತ ಕೇಳಬೇಕಿತ್ತು."

ಗೆಳೆಯರು ಮೂವರೂ ನನ್ನ ಬಾಯಿ ನೋಡಿದರು. ಅಷ್ಟು ಸಾಕು ನನಗೆ. ಗಂಟಲು ಕೆಳಗಿಳಿಸಿ ಆಯಿಯನ್ನು ಮೇಲೆ ಹತ್ತಿಸಿದೆ.

"ಆಗದ ಬಿಡತೈತೇನಬೇ? ಒಮ್ಮಿ ಚುಚ್ಚಿದ್ರು, ನಾ ಬೈದೆ. ನಾಕನೇದು ಯಾವಾಗ ಅದನ್ನ ಹೇಳ. ಮನ್ಯಾಗ ಹೊತ್ತ ಹೋಗವಲ್ದು ನನಗ."

"ಅಯ್ಯ, ಚಲೋ ಆತ ಬಿಡ್ರಿ ಆಯಿ," ಎಂದಳು ಆಶಾ ಅಕ್ಕ, ಭಾರ ಇಳಿದವಳ ಹಾಗೆ. "ನಂದೂ ಒಂದು ಟಿಕ್ ಆತು."

ಗೆಳೆಯರು ಕಟ್ಟೆಯಿಂದ ಉರುಳಿ ಬಿದ್ದು ನಕ್ಕರು. ತಿರುಗಿ ಫೋನು ಮಾಡಿ ತಮಾಷೆ ಎಂದು ಹೇಳಬೇಕೆಂದು ನಾನೂ ಅಂದುಕೊಂಡೆ. ನಾಳೆ ಎಂದುಕೊಂಡೆ. ಎರಡು ದಿನ ಬಿಟ್ಟು ಫೋನಿಗೆ ಸಂದೇಶ ಬಂತು: ಅಭಿನಂದನೆಗಳು, ನಿಮ್ಮ ಮುನ್ನೆಚ್ಚರಿಕೆ ಡೋಸು ಯಶಸ್ವಿಯಾಗಿದೆ. ಆ ಟಿಕ್ಕು ಕಂಪ್ಯೂಟರ್ ಹೊಕ್ಕಿತ್ತು. ನಾನು ಫೋನು ಕಿಸೆಯಲ್ಲಿಟ್ಟುಕೊಂಡು ಮಳ್ಳನಾದೆ.

ಎರಡು ವಾರ ಕಳೆದು ನಿಯಮ ಬದಲಾಯಿತು. ಜಡ್ಡೇನೂ ಬೇಡ, ಅರವತ್ತು ಆಗಿದ್ದರೆ ಸಾಕು. ತೊಟ್ಟಿಲ ಕಾರ್ಯಕ್ಕೆ ಎರಡೇ ದಿನ ಉಳಿದಿತ್ತು. ಆಯಿ ತಲೆ ಎರೆದುಕೊಂಡು, ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡು, ನನಗಿಂತ ಮುಂದೆ ನಡೆದಳು. ಸಿಸ್ಟರ್ ಈ ಸಲ ಕಂಪ್ಯೂಟರ್ ನೋಡಿದಳು.

"ಆಯಿ, ನಿಮ್ಮದು ಆಗೇತಲ್ರಿ."

"ಎಲ್ಲಿ ಆಗೇತವಾ?"

"ಕಂಪ್ಯೂಟರಿನಾಗ."

ಆಯಿ ಬಿಗಿಯಾದ ಕುಬಸದ ತೋಳನ್ನು ಮೇಲೆ ಸರಿಸಲು ಹೆಣಗಿದಳು. "ತೋಳಿನಾಗ ಆಗಿಲ್ಲಲ್ಲವಾ, ನೋಡ."

"ಕಂಪ್ಯೂಟರಿನಾಗ ಆದಮ್ಯಾಲ ತೋಳಿನಾಗ ಹಾಕಾಕ ಬರೂದಿಲ್ರಿ. ಹಾಕಿದರ ಅದು ನಾಕನೇದಾಗತೈತಿ. ನಾಕನೇದು ಇನ್ನೂ ಬಂದಿಲ್ಲ." ಆಮೇಲೆ ಪಾಪ, ದನಿ ತಗ್ಗಿಸಿ ಹೇಳಿದಳು, "ಸರ್ಟಿಫಿಕೇಟ್ ಐತಲ್ರಿ. ಅದನ್ನ ತೋರಿಸಿ ಕೂಸು ಎತ್ತಿಕೋರಿ. ಇಲ್ಲಾಂದ್ರ ಬಾಗಲಕೋಟಿಗೆ ಹೋಗಿ ಕೇಳ್ರಿ."

ಅಪ್ಪನೂ ಮನೆಯಲ್ಲಿ ಅದನ್ನೇ ಹೇಳಿದ. ಕಾಗದ ಐತಿ, ಸುಮ್ಮನ ನಡಿ. ಆಯಿ ಕಂಬಳಿ ಮಡಚುತ್ತಿದ್ದಳು.

"ಬೀಗರಿಗೆ ಕಾಗದ ಸಾಕು. ಕೂಸಿಗೆ ತಾಕೂದು ನನ್ನ ಉಸುರು, ಕಾಗದ ಅಲ್ಲ."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಇಡೀ ತಾಲೂಕಿನ ದನಿ ತೆಗೆಯುವವನಿಗೆ ತನ್ನ ದನಿಯೇ ಹೊರಡಲಿಲ್ಲ.

ಅಪ್ಪ ಅವ್ವ ಕಾರ್ಯದ ದಿನವೇ ಬರುವುದೆಂದೂ ನಾನೂ ಆಯಿಯೂ ಒಂದು ದಿನ ಮೊದಲೇ ಹೊರಟು ಬಾಗಲಕೋಟೆಯ ನವನಗರದಲ್ಲಿ ಇಳಿದು ಸೂಜಿಯ ಕೆಲಸ ಮುಗಿಸಿ ಇಳಕಲ್ಲಿಗೆ ಹೋಗುವುದೆಂದೂ ಆಯಿತು. ನವನಗರದಲ್ಲಿ ಆರೋಗ್ಯ ಇಲಾಖೆಯ ಕಚೇರಿ ಎಲ್ಲಿ ಎಂದು ಮೂವರನ್ನು ಕೇಳಿದೆವು. ಮೂವರೂ ಸೆಕ್ಟರ್ ನಂಬರು ಹೇಳಿದರು, ಮೂರೂ ಬೇರೆ ಬೇರೆ. ಕಡೆಗೆ ಸಿಕ್ಕ ಕಚೇರಿಯಲ್ಲಿ ಮಾಸ್ಕನ್ನು ಗದ್ದಕ್ಕೆ ಹಾಕಿಕೊಂಡ ಸಾಹೇಬರೊಬ್ಬರು ಕೂತಿದ್ದರು, ಪಕ್ಕದ ಮೇಜಿನಲ್ಲಿ ಸೂಜಿ ಹಾಕುವ ಸಿಸ್ಟರ್ ಒಬ್ಬಳು. ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಹಾಕಿಸಿಕೊಂಡದ್ದಕ್ಕ ಸರ್ಟಿಫಿಕೇಟ್ ಐತಿ. ಹಾಕಿಸಿಕೊಂಡಿಲ್ಲ ಅನ್ನೂದಕ್ಕ ಏನೈತ್ರಿ?"

"ಏನಿಲ್ರಿ ಸಾಹೇಬ್ರ," ಎಂದಳು ಆಯಿ.

ಇಲ್ಲಿ ಒಂದು ಮಾತು ಹೇಳಬೇಕು. ಕಚೇರಿಗೆ ಹೋದರೆ ಆಯಿಗೆ ಬೇರೆಯೇ ಒಂದು ದನಿ ಬರುತ್ತದೆ. ಹಾಲು ಕುಡಿಯದ ಮರಿಯ ಹಾಗೆ, ಮೂಗಿನ ತುದಿಯಲ್ಲೇ ಹುಟ್ಟಿ ಅಲ್ಲೇ ಸಾಯುವ ದನಿ. ಆ ದನಿಯನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ನಾನೂ ತೆಗೆದಿಲ್ಲ.

ಸಾಹೇಬರು ನಮ್ಮ ಆಶಾ ಅಕ್ಕನಿಗೇ ಫೋನು ಹಚ್ಚಿ ಸ್ಪೀಕರ್ ಮಾಡಿದರು.

"ನಾನ ಖುದ್ದ ಮಾತಾಡೇನ್ರಿ ಸರ್," ಎಂದಳು ಆಕೆ. "ಆಯಿ ತನ್ನ ಬಾಯಿಲೇ ಹೇಳ್ಯಾಳ, ಆಗೇತಿ ಅಂತ."

"ಮಾತಾಡ್ರಿ," ಎಂದು ಸಾಹೇಬರು ಫೋನು ಆಯಿಯ ಕಡೆ ದೂಡಿದರು.

"ನಾ ಆಯಿ ಮಾತಾಡ್ತೇನಿ... ನನಗ ಆಗಿಲ್ಲವಾ..." ಎಂದು ಆಯಿ ಆ ಮರಿದನಿಯಲ್ಲಿ ಉಸುರಿದಳು.

"ಸರ್, ಇದ್ಯಾರೋ ಬ್ಯಾರೇದಾಕಿ! ಆ ಆಯಿನ್ನ ನಾ ಬಲ್ಲೆ. ಆಕಿ ಹುಟ್ಟಿದಾಗಿಂದ ಇಷ್ಟ ಮೆತ್ತಗ ಮಾತಾಡಿಲ್ಲ."

ಸಾಹೇಬರ ಹುಬ್ಬು ಮೇಲೆ ಹೋಯಿತು. "ಯಾರ ಆಧಾರ್ ತಂದೀರಿ ಅಜ್ಜಿ?"

ಆಯಿ ಗೋಡೆಯ ಗಡಿಯಾರ ನೋಡಿದಳು. ಕಂಬಳಿ ಇದ್ದ ಗಂಟನ್ನು ಎದೆಗೆ ಒತ್ತಿಕೊಂಡಳು. ಆಗ ಬಾಯಿಬಿಟ್ಟೆ.

"ಸರ್, ಆ ಆಯಿ ನಾನು."

"ಏನು?"

"ಫೋನಿನಾಗ ಇದ್ದ ಆಯಿ ನಾನ್ರಿ ಸರ್. ಮಿಮಿಕ್ರಿ ಮಾಡ್ತೇನಿ."

"ಮಾಡಿ ತೋರ್ಸು."

ಹಾಲ್‌ನಲ್ಲಿದ್ದ ಹತ್ತೂ ಜನ ತಿರುಗಿದರು. ಆಯಿಯ ಕಡೆ ನೋಡದೆ ಹೇಳಿದೆ. "ಆಗದ ಬಿಡತೈತೇನಬೇ? ನಾಕನೇದು ಯಾವಾಗ ಅದನ್ನ ಹೇಳ."

"ಹಾಂ! ಇಕಿ ನೋಡ್ರಿ ಸರ್, ಖರೇ ಆಯಿ!" ಎಂದು ಫೋನು ಕೂಗಿತು. "ನಮಸ್ಕಾರ್ರಿ ಆಯಿ, ಆರಾಮ ಅದೀರಿ?"

"ಆರಾಮ ಅದೇನವಾ," ಎಂದುಬಿಟ್ಟೆ. ಚಟ, ಏನು ಮಾಡುವುದು.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಅಂದ್ರ ದಾಖಲೆ ಪ್ರಕಾರ ಡೋಸು ಆದದ್ದು ನಿನಗ. ವಯಸ್ಸೆಷ್ಟು?"

"ಇಪ್ಪತ್ತಮೂರ್ರಿ."

"ನಿನಗ ಮೂರನೇದು ಬರೂದಿಲ್ಲ. ಬರೂವಾಕಿಗೆ ಆಗಿಲ್ಲ, ಆದವನಿಗೆ ಬರೂದಿಲ್ಲ." ಅವರು ಇದನ್ನು ಹಾಳೆಯ ಮೇಲೆ ಬರೆದುಕೊಂಡು ಎರಡು ಸಲ ಓದಿದರು. "ಇದಕ್ಕ ಮ್ಯಾಲ ಪತ್ರ ಬರೀಬೇಕಾಗತೈತಿ."

"ಲೇ ಮಂಗ್ಯಾ!"

ತೋಳ ಬಂದಾಗ ಆಯಿ ಹಟ್ಟಿಯಲ್ಲಿ ತೆಗೆಯುತ್ತಿದ್ದ ದನಿ ಅದು. ಕಿಟಕಿಯ ಗಾಜು ಜುಮ್ಮೆಂದಿತು. "ನನ್ನ ದನಿ ಕದ್ದು ನನಗಿಂತ ಮೊದಲ ಸೂಜಿ ಹಾಕಿಸಿಕೊಂಡ್ಯಾ? ಮನಿಗಿ ನಡಿ, ಮಾಡ್ತೇನಿ ನಿನಗ!" ಆಮೇಲೆ ಅದೇ ದನಿಯನ್ನು ಸಾಹೇಬರ ಕಡೆ ತಿರುಗಿಸಿದಳು. "ನೀವೂ ಅಷ್ಟ ಬಿಡ್ರಿ! ಕುರಿಗಿ ಸೂಜಿ ಹಾಕಿದಮ್ಯಾಲ ನಾವು ಬೆನ್ನಿಗೆ ಬಣ್ಣ ಹಚ್ಚತೀವಿ. ಬಣ್ಣ ಇದ್ದದ್ದಕ ಆಗೇತಿ, ಇಲ್ಲದ್ದಕ ಆಗಿಲ್ಲ. ಕುರಿಗೆ ಫೋನ್ ಮಾಡಿ ಕೇಳತೀವೇನು?"

ಮೇಜಿನ ಮೇಲಿದ್ದ ಫೋನು ಸಂಭ್ರಮಪಟ್ಟಿತು.

"ಸರ್, ಸರ್! ಈಗ ಬಂದ್ಲು ನೋಡ್ರಿ ಆಯಿ! ಇಕಿನ ಇಕಿ!" ಸ್ವಲ್ಪ ತಡೆದು, "ಹಂಗಾರ ಆಗ ನಮಸ್ಕಾರ ತಗೊಂಡಾಕಿ ಯಾರ್ರಿ?" ಎಂದಿತು.

ಸಾಹೇಬರು ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡರು. ನಗು ಮುಚ್ಚಿಕೊಳ್ಳಲು ಅದೊಂದು ಅನುಕೂಲ. "ಸಿಸ್ಟರ್, ಕಂಪ್ಯೂಟರ್ ಬಿಡ್ರಿ. ವಹಿಯೊಳಗ ಬರಕೊಂಡು ಅಜ್ಜಿಗೆ ಹಾಕ್ರಿ."

ಸೂಜಿ ಹಾಕಿದ ಮೇಲೂ ಆಯಿ ಕುರ್ಚಿ ಬಿಟ್ಟು ಏಳಲಿಲ್ಲ. "ಬಣ್ಣ ಹಚ್ಚವಾ," ಎಂದಳು. ಸಿಸ್ಟರ್ ಸುತ್ತ ನೋಡಿ, ಪೋಲಿಯೋ ಹನಿ ಹಾಕಿದ ಕೂಸುಗಳ ಕಿರುಬೆರಳಿಗೆ ಗೆರೆ ಎಳೆಯುವ ಪೆನ್ನು ತೆಗೆದು ಆಯಿಯ ಎಡಗೈ ಕಿರುಬೆರಳ ಉಗುರಿಗೆ ಎಳೆದಳು.

ಇಳಕಲ್ ಬಸ್ಸಿನಲ್ಲಿ ನನಗೆ ಶಿಕ್ಷೆಯಾಯಿತು. ಹುನಗುಂದ ಬರುವತನಕ ಬಾಯಿ ತೆರೆಯುವ ಹಾಗಿಲ್ಲ. ಆಕಳಿಸಲು ಬಾಯಿ ತೆಗೆದರೂ ಆಯಿ ಕಣ್ಣು ಬಿಡುತ್ತಿದ್ದಳು. ಹುನಗುಂದದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳೇ ಕೇಳಿದಳು.

"ಖರೇನ ನಾ ಹಂಗ ಮಾತಾಡ್ತೇನೇನಲೇ?"

"ಹೂಂ, ಆಯಿ."

ಆಯಿ ಕಿಟಕಿಯ ಆಚೆ ನೋಡಿದಳು. "ಚಲೋ ಮಾತಾಡ್ತೇನಿ ಬಿಡು."

ಸಂಜೆ ನಾವು ಹೊಸ್ತಿಲು ದಾಟಿದಾಗ ಬೀಗರು ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಾಯಿಗೆ ಎರಡು ಮಾಸ್ಕು, ಪಕ್ಕದಲ್ಲಿ ಸ್ಯಾನಿಟೈಸರಿನ ಬಾಟಲಿ. ನಾನು ಫೋನಿನಲ್ಲಿದ್ದ ಸರ್ಟಿಫಿಕೇಟು ತೋರಿಸಿದೆ. ಕನ್ನಡಕ ಏರಿಸಿ ತಾರೀಕು ಓದಿದರು.

"ಆಗಲೇ ಎರಡು ವಾರದ ಮ್ಯಾಲ ಆತು. ಬರೊಬ್ಬರಿ ಐತ್ರಿ. ಬರ್ರಿ, ತಗೋರಿ ಕೂಸು."

ಅಷ್ಟಕ್ಕೇ ಮುಗಿಯಬೇಕಿತ್ತು. ಆಯಿ ಅಲ್ಲಾಡಲಿಲ್ಲ. "ಅದು ಈ ಮಂಗ್ಯಾಂದು. ನಂದು ಇವತ್ತ ಮಧ್ಯಾಹ್ನ ಆಗೇತ್ರಿ," ಎಂದು ಬಣ್ಣದ ಕಿರುಬೆರಳನ್ನು ಎತ್ತಿ ಹಿಡಿದಳು.

ಬೀಗರು ಕೂಸನ್ನು ಮತ್ತೆ ಎದೆಗೆ ಎಳೆದುಕೊಂಡರು. "ಇವತ್ತ ಆಗಿದ್ದರ ಹದಿನಾಲ್ಕು ದಿನ ಕಾಯಬೇಕ್ರಿ. ಗ್ರೂಪಿನಾಗ ಬಂದೇತಿ."

"ಅಪ್ಪಾ, ನಾಳೆ ತೊಟ್ಟಿಲು ಐತಿ," ಎಂದು ಅತ್ತಿಗೆ ಬಾಗಿಲಲ್ಲೇ ಗೋಗರೆದಳು.

"ನಿಯಮ ಅಂದ್ರ ನಿಯಮವಾ. ಎಲ್ಲಾರಿಗೂ ಒಂದ."

ಆಯಿ ಅವರ ಎದುರಿಗೆ ಚಾಪೆಯ ಮೇಲೆ ಕೂತಳು. ಗಂಟು ಬಿಚ್ಚಿ ಕಂಬಳಿ ತೆಗೆದು ತೊಡೆಯ ಮೇಲೆ ಹಾಸಿಕೊಂಡಳು. ಕೇಳಿದಳು, ಕಚೇರಿಯ ದನಿಯಲ್ಲಲ್ಲ, ಮನೆಯ ದನಿಯಲ್ಲಿ: "ನಿಮ್ಮದು ಮೂರನೇದು ಯಾವಾಗ ಆತ್ರಿ, ಬೀಗರ?"

"ನಮಗಿನ್ನೂ ಬರೂದಿಲ್ರಿ," ಎಂದರು ಬೀಗರು, ಕೂಸನ್ನು ತಟ್ಟುತ್ತ, ಸ್ವಲ್ಪ ಹೆಮ್ಮೆಯಿಂದಲೇ. "ಅರವತ್ತು ತುಂಬಾಕ ಇನ್ನೂ ಎಂಟು ತಿಂಗಳು ಬೇಕು."

ಆಯಿ ಎರಡೂ ಕೈ ಮುಂದೆ ಚಾಚಿದಳು.

"ಹಂಗಾರ ಇತ್ತ ಕೊಡ್ರಿ ಕೂಸು. ಅರವತ್ತು ತುಂಬದ ಹುಡುಗರ ಕೈಯಾಗ ಕೂಸು ಕೊಡಬಾರದು, ಬೀಳಸ್ತಾರ."